ತಲೆಗೆ ಪೆಟ್ಟು ಬಿದ್ದ ಮೇಲಿನ ತಲೆನೋವು: ‘ನಾಟಕ’ ಅನ್ನುವ ಮುನ್ನ...

ಕೆಳಗಿನ ಕಪಾಟಿನಿಂದ ಬೇಳೆ ಡಬ್ಬ ತೆಗೆದು ಎದ್ದು ನಿಲ್ಲುವಷ್ಟರಲ್ಲಿ ಮೇಲಿನ ಕಪಾಟಿನ ತೆರೆದ ಬಾಗಿಲು ತಲೆಗೆ ‘ಠಣ್’ ಅಂತ ಬಡಿಯುತ್ತೆ. ಬಚ್ಚಲು ಮನೆಯಲ್ಲಿ ಸೋಪಿನ ನೀರಿಗೆ ಕಾಲು ಜಾರಿ ತಲೆ ಗೋಡೆಗೆ ತಾಕುತ್ತೆ. ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ಬಣ್ಣ ಬಳಿಯದ ರಸ್ತೆ ಹಂಪ್ ಕಾಣದೆ ಸ್ಕೂಟರ್ ಎಗರಿ ಬೀಳುತ್ತೆ... ಇಂಥದ್ದೊಂದು ಆಗದ ಮನೆ ಯಾವುದಿದೆ ಹೇಳಿ? ಊದಿದ ಜಾಗಕ್ಕೆ ಐಸ್ ಒತ್ತಿ, ಒಂದು ಲೋಟ ನೀರು ಕುಡಿದು, ಮತ್ತೆ ಒಲೆ ಮುಂದೆ ನಿಂತುಬಿಡುತ್ತೇವೆ. ಮಕ್ಕಳ ಟಿಫನ್ ಬಾಕ್ಸ್ ನಮಗಾಗಿ ಕಾಯುತ್ತಾ?

ಕಥೆ ಶುರುವಾಗುವುದು ಮೂರ್ನಾಲ್ಕು ದಿನಗಳ ನಂತರ. ತಲೆಯ ಒಂದು ಬದಿ ಮಿಡಿಯತೊಡಗುತ್ತೆ. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತೆ. ಟಿ.ವಿ. ಸದ್ದು, ಟ್ಯೂಬ್‌ಲೈಟಿನ ಬೆಳಕು ಯಾವುದೂ ಬೇಡ ಅನ್ನಿಸುತ್ತೆ. ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿದರೆ ‘ಎಲ್ಲಾ ನಾರ್ಮಲ್’. ಮನೆಯಲ್ಲಿ ಮಾತು ಶುರುವಾಗೋದು ಅಲ್ಲಿಂದಲೇ. ‘ಸ್ಕ್ಯಾನ್ ಸರಿಯಾಗಿದೆ ಅಂದ್ರಲ್ಲ, ಇನ್ನೂ ಏನು ನಿಂದು?’ ಅಂತ ಯಜಮಾನರು. ‘ನಮ್ಮ ಕಾಲದಲ್ಲಿ ಇಂಥ ಎಷ್ಟು ಪೆಟ್ಟು ತಿಂದಿಲ್ಲ’ ಅಂತ ಅತ್ತೆ. ಕೊನೆಗೆ ಆಕೆಗೇ ಅನುಮಾನ ಹುಟ್ಟುತ್ತೆ: ‘ನಾನೇ ಸುಮ್ಮನೆ ದೊಡ್ಡದು ಮಾಡ್ತಿದ್ದೀನಾ?’

ಇಲ್ಲ ಕಣ್ರೀ, ನೀವು ದೊಡ್ಡದು ಮಾಡುತ್ತಿಲ್ಲ. ಪೆಟ್ಟಿನ ನಂತರದ ಈ ತಲೆನೋವು ನಿಜವಾದ ಕಾಯಿಲೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ, ಲಕ್ಷಣ ಇದೆ, ಚಿಕಿತ್ಸೆಯೂ ಇದೆ. ಹೆಚ್ಚಿನವರಿಗೆ ತಾನಾಗಿ ವಾಸಿಯೂ ಆಗುತ್ತೆ. ಆದರೆ ಅದಕ್ಕೆ ಮೂರು ಕೆಲಸ ಆಗಬೇಕು. ಅಪಾಯದ ಗುರುತುಗಳು ಮನೆಮಂದಿಗೆಲ್ಲ ತಿಳಿದಿರಬೇಕು. ಮೆಡಿಕಲ್ ಸ್ಟೋರಿನ ಮಾತ್ರೆ ನುಂಗುತ್ತಾ ದಿನ ತಳ್ಳುವುದು ನಿಲ್ಲಬೇಕು. ನೋವು ಅನುಭವಿಸುವವಳ ಮಾತನ್ನು ಮನೆಯವರು ನಂಬಬೇಕು. ಈ ಮೂರನೆಯದೇ ಎಲ್ಲಕ್ಕಿಂತ ಕಷ್ಟ ನೋಡಿ!

ಮೊದಲು ಅಪಾಯದ ಗುರುತು

ತಲೆಗೆ ಪೆಟ್ಟು ಬಿದ್ದ ಮೊದಲ 24 ಗಂಟೆ ಬಹಳ ಮುಖ್ಯ. ಆ ಹೊತ್ತಿನಲ್ಲಿ ಪೆಟ್ಟು ಬಿದ್ದವರನ್ನು ಒಂಟಿಯಾಗಿ ಬಿಡಬೇಡಿ. ಕೆಳಗಿನವುಗಳಲ್ಲಿ ಒಂದೇ ಒಂದು ಕಂಡರೂ ‘ನಾಳೆ ನೋಡೋಣ’ ಅನ್ನದೆ 108ಕ್ಕೆ ಫೋನ್ ಮಾಡಿ, ಇಲ್ಲವೇ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೊರಡಿ.

* ಸ್ವಲ್ಪ ಹೊತ್ತಾದರೂ ಎಚ್ಚರ ತಪ್ಪಿದ್ದರೆ
* ಮತ್ತೆ ಮತ್ತೆ ವಾಂತಿ
* ತಲೆನೋವು ಗಂಟೆಯಿಂದ ಗಂಟೆಗೆ ಏರುತ್ತಾ ಹೋಗುವುದು
* ಎಬ್ಬಿಸಿದರೂ ಏಳದಷ್ಟು ಮಂಪರು
* ಕೇಳಿದ್ದನ್ನೇ ಕೇಳುವುದು, ಮನೆಯವರ ಗುರುತು ಸಿಗದಿರುವುದು, ಮಾತು ತೊದಲುವುದು
* ಫಿಟ್ಸ್ ಬರುವುದು
* ಒಂದು ಕೈ ಅಥವಾ ಕಾಲಿನಲ್ಲಿ ಶಕ್ತಿ ಕುಂದುವುದು, ಬಾಯಿ ಸೊಟ್ಟಗಾಗುವುದು
* ಕಣ್ಣಿನ ಪಾಪೆ ಒಂದು ದೊಡ್ಡದು, ಒಂದು ಚಿಕ್ಕದು ಕಾಣುವುದು, ನೋಟ ಎರಡೆರಡಾಗುವುದು
* ಮೂಗು ಅಥವಾ ಕಿವಿಯಿಂದ ರಕ್ತ ಇಲ್ಲವೇ ನೀರಿನಂಥ ದ್ರವ ಸೋರುವುದು

ಮನೆಯಲ್ಲಿ ಹಿರಿಯರಿದ್ದರೆ ಇನ್ನೂ ಒಂದು ಮಾತು. ಹೃದಯದ ತೊಂದರೆಗೆಂದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಪೆಟ್ಟೂ ಸಣ್ಣದಲ್ಲ. ಅವರಿಗೆ ಏನೂ ಆಗಿಲ್ಲ ಅನ್ನಿಸಿದರೂ ಡಾಕ್ಟರಿಗೆ ತೋರಿಸಿಬಿಡಿ. ವಯಸ್ಸಾದವರಲ್ಲಿ ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಜಿನುಗಿ, ಎಷ್ಟೋ ವಾರಗಳ ನಂತರ ಲಕ್ಷಣ ಕಾಣುವುದೂ ಉಂಟು. ಹೋದ ತಿಂಗಳು ಬಚ್ಚಲಲ್ಲಿ ಜಾರಿದ್ದ ಅತ್ತೆ ಈಗ ಮಂಕಾಗಿದ್ದಾರೆ, ಕಾಲೆಳೆದು ನಡೆಯುತ್ತಿದ್ದಾರೆ, ತಲೆನೋವು ಅನ್ನುತ್ತಿದ್ದಾರೆ ಅಂದರೆ ‘ವಯಸ್ಸಾಯ್ತಲ್ಲ’ ಅಂತ ಕೈಬಿಡಬೇಡಿ. ಸಮಯಕ್ಕೆ ಸರಿಯಾಗಿ ಕಂಡುಹಿಡಿದರೆ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಇನ್ನು ಎರಡು ವರ್ಷದೊಳಗಿನ ಮಗುವಿಗೆ ತಲೆಗೆ ಪೆಟ್ಟು ಬಿದ್ದರೆ ನೀವೇ ನಿರ್ಧಾರ ಮಾಡಬೇಡಿ. ತನಗೇನಾಗುತ್ತಿದೆ ಅಂತ ಹೇಳಲು ಅದಕ್ಕೆ ಬಾಯಿಲ್ಲ.

‘ಪೆಟ್ಟು ಬಿದ್ದವರನ್ನು ನಿದ್ದೆ ಮಾಡಲು ಬಿಡಬಾರದು’ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಾತ್ರಿಯಿಡೀ ಅಲುಗಾಡಿಸಿ ಎಬ್ಬಿಸಿ ಕೂರಿಸುವವರೂ ಇದ್ದಾರೆ. ಡಾಕ್ಟರು ನೋಡಿ, ತೊಂದರೆ ಇಲ್ಲ, ಮನೆಗೆ ಹೋಗಿ ಅಂದಿದ್ದರೆ, ಆಕೆ ಸರಿಯಾಗಿ ಮಾತಾಡಿಕೊಂಡು ಓಡಾಡುತ್ತಿದ್ದರೆ, ನಿದ್ದೆ ಮಾಡಲಿ ಬಿಡಿ. ನೋವು ಮಾಯಲು ನಿದ್ದೆಯೇ ಬೇಕು. ಅಪಾಯ ಇರುವುದು ನಿದ್ದೆಯಲ್ಲಲ್ಲ, ಎಬ್ಬಿಸಿದರೆ ಏಳದಿರುವುದರಲ್ಲಿ.

ದೃಷ್ಟಿ ತೆಗೆಯಬೇಕು ಅನ್ನಿಸಿದರೆ ಖಂಡಿತ ತೆಗೆಯಿರಿ. ಆಟೋ ಬರುವಷ್ಟರಲ್ಲಿ ಅದು ಮುಗಿದಿರಲಿ, ಅಷ್ಟೇ!

ಸ್ಕ್ಯಾನ್ ನಾರ್ಮಲ್, ನೋವು ಯಾಕೆ?

ಇದು ಎಲ್ಲರೂ ಕೇಳುವ ಪ್ರಶ್ನೆ. ಸಿ.ಟಿ. ಸ್ಕ್ಯಾನ್ ನೋಡುವುದು ಮುಖ್ಯವಾಗಿ ಮೂಳೆ ಮುರಿದಿದೆಯೇ, ಒಳಗೆ ರಕ್ತ ಸೋರಿದೆಯೇ, ಮಿದುಳು ಊದಿದೆಯೇ ಎಂಬುದನ್ನು. ಅದು ಇಲ್ಲ ಎಂದರೆ ಸಂತೋಷಪಡಬೇಕಾದ ಸುದ್ದಿಯೇ. ಆದರೆ ನೋವಿಲ್ಲ ಅಂತ ಹೇಳುವ ಯಂತ್ರ ಅದಲ್ಲ. ಮಿಕ್ಸಿ ಕೆಳಗೆ ಬಿದ್ದಾಗ ಜಾರ್ ಒಡೆದಿಲ್ಲ, ಬಾಡಿ ಬಿರುಕು ಬಿಟ್ಟಿಲ್ಲ ಅಂದ ಮಾತ್ರಕ್ಕೆ ಒಳಗಿನ ವೈರಿಂಗ್ ಸರಿಯಾಗಿದೆ ಅಂತ ಆಗುತ್ತಾ? ಹಾಗೆಯೇ ಇದು.

ನಮ್ಮ ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮೆತ್ತನೆಯ ಅಂಗ. ಜೋರಾಗಿ ಪೆಟ್ಟು ಬಿದ್ದಾಗ, ಅಥವಾ ತಲೆಗೆ ಏನೂ ತಾಗದೆ ಕುತ್ತಿಗೆ ಮಾತ್ರ ರಪ್ಪನೆ ಹಿಂದೆ ಮುಂದೆ ಬಾಗಿದರೂ, ಅದು ಒಳಗೆ ಅಲುಗಾಡುತ್ತೆ. ಇದನ್ನೇ ವೈದ್ಯರು ‘ಕನ್ಕಷನ್’ ಅನ್ನುವುದು. ಮಿದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲ. ನೋವು ಅರಿಯುವುದು ಅದರ ಹೊದಿಕೆ, ರಕ್ತನಾಳಗಳು ಮತ್ತು ಅಲ್ಲಿಂದ ಸುದ್ದಿ ಒಯ್ಯುವ ನರಗಳು. ಪೆಟ್ಟಿನ ನಂತರ ಈ ನೋವಿನ ವ್ಯವಸ್ಥೆ ಅತಿ ಸೂಕ್ಷ್ಮವಾಗಿಬಿಡುತ್ತೆ. ಮಾಮೂಲಿ ಬೆಳಕು, ಮಾಮೂಲಿ ಸದ್ದೂ ಚುಚ್ಚತೊಡಗುತ್ತೆ. ಜೊತೆಗೆ ಕುತ್ತಿಗೆಯ ಸ್ನಾಯು ಉಳುಕಿದ್ದರೆ ಅಲ್ಲಿಂದಲೂ ನೋವು ತಲೆಯ ಹಿಂಭಾಗಕ್ಕೆ ಏರುತ್ತೆ.

ಅಂತರರಾಷ್ಟ್ರೀಯ ತಲೆನೋವು ಸೊಸೈಟಿ 2018ರಲ್ಲಿ ಪ್ರಕಟಿಸಿದ ವರ್ಗೀಕರಣದ ಪ್ರಕಾರ, ಪೆಟ್ಟು ಬಿದ್ದ ಅಥವಾ ಪ್ರಜ್ಞೆ ಮರಳಿದ 7 ದಿನಗಳೊಳಗೆ ಶುರುವಾಗುವ ತಲೆನೋವು ಪೆಟ್ಟಿನ ನಂತರದ ತಲೆನೋವು. 3 ತಿಂಗಳೊಳಗೆ ಹೋದರೆ ಅದು ತಾತ್ಕಾಲಿಕ. 3 ತಿಂಗಳು ದಾಟಿದರೆ ಬಿಡದೆ ಉಳಿದ ನೋವು ಅಂತ ಲೆಕ್ಕ. ಆದರೆ ಮೂರು ತಿಂಗಳು ಕಾದು ನೋಡೋಣ ಅಂತ ಇದರರ್ಥವಲ್ಲ. ಎರಡು ವಾರ ಕಳೆದರೂ ನೋವು ಇಳಿಮುಖವಾಗದಿದ್ದರೆ ಡಾಕ್ಟರನ್ನು ನೋಡಿ. ಇನ್ನೊಂದು ವಿಷಯ: ನೋವು ಎಷ್ಟು ದಿನ ಇರುತ್ತೆ ಅನ್ನೋದು ಪೆಟ್ಟಿನ ಗಾತ್ರದಿಂದ ತೀರ್ಮಾನವಾಗುವುದಿಲ್ಲ. ಸಣ್ಣ ಪೆಟ್ಟಿನ ನಂತರವೂ ತಿಂಗಳುಗಟ್ಟಲೆ ನರಳುವವರಿದ್ದಾರೆ.

ತಲೆನೋವಿನ ಜೊತೆಗೆ ತಲೆ ತಿರುಗು, ಮರೆವು, ಸಿಡುಕು, ನಿದ್ದೆ ಕೆಡುವುದು, ಸುಮ್ಮನೆ ಅಳು ಬರುವುದು ಇವೂ ಇರಬಹುದು. ಹಾಲು ಉಕ್ಕಿತು, ಗ್ಯಾಸ್ ಆರಿಸಲು ಮರೆತಿರಿ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ. ಅದೂ ಪೆಟ್ಟಿನ ಫಲವೇ.

ಮೈಗ್ರೇನ್ ಹೌದೋ, ಅಲ್ಲವೋ?

ಪೆಟ್ಟಿನ ನಂತರದ ತಲೆನೋವು ಸಾಮಾನ್ಯವಾಗಿ ಎರಡು ವೇಷದಲ್ಲಿ ಬರುತ್ತೆ. ಒಂದು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ ಹಾಗೆ ಎರಡೂ ಕಡೆ ಅದುಮುವ ನೋವು. ಇದಕ್ಕೆ ಟೆನ್ಷನ್ ತಲೆನೋವು ಅನ್ನುತ್ತಾರೆ. ಇನ್ನೊಂದು ನಮ್ಮ ಹಿರಿಯರು ಅರೆತಲೆನೋವು ಅನ್ನುತ್ತಿದ್ದ ಮೈಗ್ರೇನ್ ಥರದ್ದು. ಹೆಚ್ಚಾಗಿ ಒಂದೇ ಬದಿ, ನಾಡಿ ಬಡಿದಂತೆ ಮಿಡಿತ, ಮೆಟ್ಟಿಲು ಹತ್ತಿದರೆ ಜಾಸ್ತಿ, ವಾಕರಿಕೆ, ಬೆಳಕು ಮತ್ತು ಸದ್ದು ಆಗದಿರುವುದು. ಮದ್ದು ಮಾಡದಿದ್ದರೆ ಮೈಗ್ರೇನ್ 4 ಗಂಟೆಯಿಂದ 72 ಗಂಟೆವರೆಗೂ ಕಾಡಬಲ್ಲದು. ಕೆಲವರಿಗೆ ನೋವಿಗೆ ಮೊದಲು ಕಣ್ಣೆದುರು ಮಿಂಚಿನ ಗೆರೆಗಳು, ಅಂಕುಡೊಂಕು ಬೆಳಕು ಕಾಣುತ್ತೆ. ಇದನ್ನು ‘ಆರಾ’ ಅನ್ನುತ್ತಾರೆ.

ನಮ್ಮಲ್ಲಿ ಇದೇನೂ ಅಪರೂಪವಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 2,300ಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಸುಮಾರು ನೂರಕ್ಕೆ 25 ಜನರಿಗೆ ಮೈಗ್ರೇನ್ ಬಂದಿತ್ತು. ಅದರಲ್ಲಿ ಹೆಂಗಸರ ಪಾಲೇ ಹೆಚ್ಚು. ಇದು ಪೆಟ್ಟು ಬಿದ್ದವರ ಲೆಕ್ಕವಲ್ಲ, ಸಾಮಾನ್ಯ ಜನರ ಲೆಕ್ಕ. ಆದರೆ ನಮಗೆ ಇಲ್ಲೊಂದು ಪಾಠ ಇದೆ. ಮೊದಲೇ ಮೈಗ್ರೇನ್ ಇದ್ದವರಿಗೆ ಪೆಟ್ಟಿನ ನಂತರ ತಲೆನೋವು ಕಾಡುವ ಸಾಧ್ಯತೆ ಜಾಸ್ತಿ. ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ‘ಮೊದಲೂ ತಲೆನೋವು ಬರ್ತಿತ್ತು, ಈಗ ಹೀಗೆ ಬದಲಾಗಿದೆ’ ಅಂತ ಎರಡನ್ನೂ ಬಿಡಿಸಿ ಹೇಳಿ. ಅಮ್ಮನಿಗೋ ಅಕ್ಕನಿಗೋ ಮೈಗ್ರೇನ್ ಇದ್ದರೆ ಅದನ್ನೂ ಹೇಳಿ.

ಮಾತ್ರೆಯೇ ನೋವಾದಾಗ

ಈಗ ನಮ್ಮೆಲ್ಲರ ಮನೆಯ ಗುಟ್ಟಿಗೆ ಬರೋಣ. ಫ್ರಿಜ್ ಮೇಲೊಂದು ಡಬ್ಬ. ಅದರಲ್ಲಿ ಅರ್ಧ ಖಾಲಿಯಾದ ಸ್ಟ್ರಿಪ್‌ಗಳು. ಬೆಳಗ್ಗೆ ಕಾಫಿ ಜೊತೆ ಒಂದು, ಸಂಜೆ ನೆಂಟರು ಬರ್ತಾರೆ ಅಂತ ಇನ್ನೊಂದು. ಯಾರಿಗೂ ಹೇಳುವುದಿಲ್ಲ, ಕೆಲಸ ನಿಲ್ಲಿಸುವುದಿಲ್ಲ. ‘ಮಾತ್ರೆ ತಗೊಂಡ್ರೆ ಸರಿಹೋಗುತ್ತೆ’ ಅನ್ನುತ್ತೇವೆ. ಸರಿಹೋಗುತ್ತೆ ನಿಜ, ನಾಲ್ಕು ಗಂಟೆ ಕಾಲ. ಆಮೇಲೆ?

ಆಮೇಲೆ ಮಾತ್ರೆಯಿಂದಲೇ ತಲೆನೋವು ಬರತೊಡಗುತ್ತೆ! ಇದು ಉತ್ಪ್ರೇಕ್ಷೆಯಲ್ಲ. ಆಗಾಗ ತಲೆನೋವು ಬರುವವರು ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥ ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಹಲವು ಔಷಧ ಬೆರೆಸಿದ ಮಾತ್ರೆ, ಎರ್ಗೊಟಮೈನ್ ಅಥವಾ ಟ್ರಿಪ್ಟಾನ್ ಮಾತ್ರೆಗಳನ್ನು ತಿಂಗಳಿಗೆ 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ‘ಅತಿ ಔಷಧದ ತಲೆನೋವು’ ಬರಬಹುದು ಅನ್ನುತ್ತೆ ವೈದ್ಯಶಾಸ್ತ್ರ. ಪೆಟ್ಟಿನ ನೋವು ಯಾವಾಗಲೋ ಹೋಗಿರುತ್ತೆ, ಉಳಿದಿರುವುದು ಮಾತ್ರೆಯ ನೋವು. ಹೀಗೆ ಸಿಕ್ಕಿಹಾಕಿಕೊಂಡವರು ಎಷ್ಟು ಮಂದಿಯೋ!

ಆದ್ದರಿಂದ ಈ ಕೆಲವು ನಿಯಮ ಇಟ್ಟುಕೊಳ್ಳಿ. ನೋವಿನ ಮಾತ್ರೆ ವಾರಕ್ಕೆ ಎರಡು ದಿನ ದಾಟಿತೆಂದರೆ ಅದು ಡಾಕ್ಟರನ್ನು ನೋಡಬೇಕೆಂಬ ಸೂಚನೆ. ಪೆಟ್ಟು ಬಿದ್ದ ಹೊಸತರಲ್ಲಿ ಡಾಕ್ಟರು ಹೇಳದೆ ಆಸ್ಪಿರಿನ್, ಐಬುಪ್ರೊಫೇನ್ ಬೇಡ. ರಕ್ತಸ್ರಾವ ಇಲ್ಲ ಅಂತ ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಮೇಲು. ಅದನ್ನೂ ಮಿತಿಯಲ್ಲಿ. ನೆಗಡಿ ಮಾತ್ರೆಯಲ್ಲೂ, ಮೈಕೈ ನೋವಿನ ಮಾತ್ರೆಯಲ್ಲೂ ಅದೇ ಇರುತ್ತೆ, ಎರಡನ್ನೂ ನುಂಗಿದರೆ ಅಳತೆ ಮೀರಿ ಲಿವರಿಗೆ ಕುತ್ತು. ಮೆಡಿಕಲ್ ಸ್ಟೋರಿನವರು ‘ಇದು ಸ್ಟ್ರಾಂಗ್ ಇದೆ ಮೇಡಂ’ ಅಂತ ಕೊಡುವ ಹೆಸರು ಗೊತ್ತಿಲ್ಲದ ಮಾತ್ರೆ ಬೇಡವೇ ಬೇಡ. ತಿಂಗಳುಗಟ್ಟಲೆ ದಿನವೂ ಮಾತ್ರೆ ತೆಗೆದುಕೊಂಡವರು ಒಮ್ಮೆಲೇ ತಾವಾಗಿ ನಿಲ್ಲಿಸಲೂಬೇಡಿ. ಡಾಕ್ಟರ ಸಲಹೆಯಂತೆ ಬಿಡಿ. ಮೊದಲ ಕೆಲವು ದಿನ ನೋವು ಹೆಚ್ಚಾಗುತ್ತೆ, ಆಮೇಲೆ ಇಳಿಯುತ್ತೆ.

ಡಾಕ್ಟರು ಏನು ಮಾಡುತ್ತಾರೆ?

ಪೆಟ್ಟಿನ ನಂತರದ ತಲೆನೋವಿಗೆಂದೇ ಬೇರೆ ಮದ್ದು ಇಲ್ಲ. ಅದು ಯಾವುದನ್ನು ಹೋಲುತ್ತದೋ ಅದರಂತೆ ಚಿಕಿತ್ಸೆ. ಮೈಗ್ರೇನ್ ಥರ ಇದ್ದರೆ ಮೈಗ್ರೇನಿನ ಔಷಧ. ಇದರಲ್ಲಿ ಎರಡು ಬಗೆ. ನೋವು ಬಂದಾಗ ತಗ್ಗಿಸಲು ಒಂದು. ಸುಮಾಟ್ರಿಪ್ಟಾನ್, ರೈಜಾಟ್ರಿಪ್ಟಾನ್ ಈ ಬಗೆಯವು. ಹೃದಯದ ಕಾಯಿಲೆ ಇದ್ದವರಿಗೆ ಇವು ಆಗುವುದಿಲ್ಲ. ಇನ್ನೊಂದು ನೋವೇ ಬಾರದಂತೆ ದಿನವೂ ಸೇವಿಸುವ ತಡೆ ಔಷಧ. ಪ್ರೊಪ್ರನೊಲೋಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್ ಅಂತ ಚೀಟಿಯಲ್ಲಿ ಬರೆದಿದ್ದನ್ನು ನೋಡಿರಬಹುದು.

ಇಲ್ಲಿ ನಾವು ಬಾಯಿಬಿಟ್ಟು ಹೇಳಲೇಬೇಕಾದ ಸಂಗತಿಗಳಿವೆ. ಆಸ್ತಮಾ ಇದೆಯೇ? ಪ್ರೊಪ್ರನೊಲೋಲ್ ಆಗದು. ಗರ್ಭಿಣಿಯೇ, ಮಗು ಬೇಕೆಂದಿದ್ದೀರಾ? ಟೊಪಿರಮೇಟ್, ವಾಲ್‌ಪ್ರೊಏಟ್ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲವು. ಮಗುವಿಗೆ ಹಾಲೂಡಿಸುತ್ತಿದ್ದೀರಾ? ಅದನ್ನೂ ಹೇಳಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ‘ಆರಾ’ ಇರುವ ಮೈಗ್ರೇನ್ ಇದ್ದವರಿಗೆ ಈಸ್ಟ್ರೊಜೆನ್ ಇರುವ ಮಾತ್ರೆಯಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತೆ, ಬೇರೆ ವಿಧಾನ ಬೇಕಾಗುತ್ತೆ. ನಾಚಿಕೆಪಟ್ಟು ಮುಚ್ಚಿಡುವ ವಿಷಯವಲ್ಲ ಇದು.

ಅಮಿಟ್ರಿಪ್ಟಿಲಿನ್ ಕೊಟ್ಟಾಗ ಅನೇಕರು ಗಾಬರಿಯಾಗುತ್ತಾರೆ. ‘ಇದು ಡಿಪ್ರೆಶನ್ ಮಾತ್ರೆ ಅಂತೆ, ನನಗೆ ಹುಚ್ಚು ಅಂದುಕೊಂಡ್ರಾ?’ ಅಂತ. ಹಾಗಲ್ಲ. ಕಡಿಮೆ ಪ್ರಮಾಣದಲ್ಲಿ ಅದು ನೋವಿನ ನರಗಳನ್ನು ಶಾಂತ ಮಾಡುತ್ತೆ, ನಿದ್ದೆಯನ್ನೂ ಕೊಡುತ್ತೆ. ಬಾಯಿ ಒಣಗುವುದು, ಬೆಳಗ್ಗೆ ಸ್ವಲ್ಪ ಮಂಪರು ಇರಬಹುದು. ತಡೆ ಔಷಧಗಳು ಪರಿಣಾಮ ತೋರಲು ಕೆಲವು ವಾರ ಬೇಕು. ‘ಎಂಟು ದಿನ ತಗೊಂಡೆ, ಏನೂ ಆಗ್ಲಿಲ್ಲ’ ಅಂತ ಬಿಟ್ಟರೆ ದುಡ್ಡೂ ದಂಡ, ಮದ್ದೂ ದಂಡ.

ಕುತ್ತಿಗೆಯಿಂದ ನೋವು ಏರುತ್ತಿದ್ದರೆ ಫಿಸಿಯೋಥೆರಪಿ ಕೆಲಸ ಮಾಡುತ್ತೆ. ಕೆಲವರಿಗೆ ತಲೆಯ ಹಿಂಭಾಗದ ನರಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಮೈಗ್ರೇನ್ ಬಾರದಂತೆ ತಡೆಯುವ ಹೊಸ ಬಗೆಯ ಇಂಜೆಕ್ಷನ್‌ಗಳಲ್ಲಿ ಮೊದಲನೆಯದಕ್ಕೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಅವು ದುಬಾರಿ. ಹೆಚ್ಚಿನವರಿಗೆ ಅಲ್ಲಿಯವರೆಗೆ ಹೋಗುವ ಅಗತ್ಯವೂ ಬೀಳುವುದಿಲ್ಲ.

ದೊಡ್ಡ ಆಸ್ಪತ್ರೆಗೆ ಹೋಗುವ ಶಕ್ತಿ ಇಲ್ಲ ಅನ್ನುವವರು ಒಂದು ಮಾತು ಗಮನಿಸಿ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಮೂರ್ಛೆರೋಗದ ಜೊತೆ ತಲೆನೋವೂ ಸೇರಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ.

ಮನೆಯಲ್ಲಿ ಏನು ಮಾಡಬಹುದು?

ಗೋಡೆ ಕ್ಯಾಲೆಂಡರೇ ಡೈರಿ: ಹಾಲು ಹಾಕದ ದಿನ, ಸಿಲಿಂಡರ್ ಬಂದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೀರಲ್ಲ, ಹಾಗೆಯೇ ತಲೆನೋವು ಬಂದ ದಿನಕ್ಕೆ ಒಂದು ಸುತ್ತು, ಮಾತ್ರೆ ತೆಗೆದುಕೊಂಡ ದಿನಕ್ಕೆ ಒಂದು ಗೀಟು ಹಾಕಿ. ಮುಟ್ಟಿನ ದಿನವನ್ನೂ ಗುರುತಿಸಿ. ತಿಂಗಳ ಕೊನೆಗೆ ಆ ಹಾಳೆಯನ್ನೇ ಡಾಕ್ಟರಿಗೆ ತೋರಿಸಿ. ‘ಯಾವಾಗ್ಲೂ ನೋವು ಡಾಕ್ಟ್ರೇ’ ಅನ್ನುವುದಕ್ಕಿಂತ ಆ ಒಂದು ಹಾಳೆ ಹೆಚ್ಚು ಹೇಳುತ್ತೆ.

ಮೊದಲ ಎರಡು ದಿನ ವಿಶ್ರಾಂತಿ: ಮೊದಲ 24ರಿಂದ 48 ಗಂಟೆ ಭಾರ ಎತ್ತುವುದು, ಮೊಬೈಲ್, ಟಿ.ವಿ. ಕಡಿಮೆ ಮಾಡಿ. ಹಾಗಂತ ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗುವುದೂ ಬೇಡ. ಅದರಿಂದ ಚೇತರಿಕೆ ತಡವಾಗುತ್ತೆ ಅನ್ನೋದು ಈಗಿನ ತಿಳಿವಳಿಕೆ. ಎರಡು ದಿನದ ನಂತರ ಮೆಲ್ಲಗೆ ನಡಿಗೆ, ಕುಳಿತು ಮಾಡುವ ಸಣ್ಣ ಕೆಲಸ, ಆಮೇಲೆ ಉಳಿದದ್ದು. ನೋವು ಹೆಚ್ಚಾದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಊಟ, ನಿದ್ದೆ, ನೀರು: ಎಲ್ಲರಿಗೂ ಬಡಿಸಿ ಮೂರು ಗಂಟೆಗೆ ತಾನು ಉಣ್ಣುವ ಪದ್ಧತಿ ಮೈಗ್ರೇನಿಗೆ ಆಹ್ವಾನ ಕೊಟ್ಟಂತೆ. ಶನಿವಾರ, ಸೋಮವಾರ, ಸಂಕಷ್ಟಿ ಅಂತ ಉಪವಾಸ ಮಾಡುವವರು ವಾಸಿಯಾಗುವವರೆಗೆ ಹಣ್ಣು, ಹಾಲು, ಅವಲಕ್ಕಿ ಏನಾದರೂ ಹೊತ್ತಿಗೆ ಸರಿಯಾಗಿ ತಿನ್ನಿ. ದೇವರೇನೂ ಮುನಿಯುವುದಿಲ್ಲ. ಕಾಫಿ ದಿನಕ್ಕೆ ಎರಡು ಲೋಟಕ್ಕೆ ನಿಲ್ಲಲಿ. ಒಮ್ಮೆಲೇ ಬಿಟ್ಟರೂ ತಲೆ ನೋಯುತ್ತೆ, ನೆನಪಿರಲಿ. ಮಲಗುವ ಮತ್ತು ಏಳುವ ಹೊತ್ತು ದಿನವೂ ಒಂದೇ ಇರಲಿ.

ತಲೆಸ್ನಾನದ ದಿನ: ‘ತಲೆಗೆ ನೀರು ಹಾಕ್ಕೊಂಡ್ರೆ ತಲೆನೋವು ಬರುತ್ತೆ’ ಅಂದರೆ ನಗುವವರಿದ್ದಾರೆ. ಆದರೆ ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಇಂಥ 94 ಭಾರತೀಯ ರೋಗಿಗಳನ್ನು ಗಮನಿಸಿ 2006ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಿದ್ದಾರೆ. ತಲೆಸ್ನಾನ ಮೈಗ್ರೇನನ್ನು ಕೆರಳಿಸಬಲ್ಲದು. ನಿಮಗೂ ಹಾಗಾಗುತ್ತಿದ್ದರೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಸ್ನಾನದ ದಿನ ಹೊಟ್ಟೆ ಖಾಲಿ ಬಿಡಬೇಡಿ, ಕೂದಲು ಬೇಗ ಒಣಗಿಸಿ, ಹೋಗಬೇಕಾದ ಮದುವೆಯ ಹಿಂದಿನ ದಿನವೇ ತಲೆಸ್ನಾನ ಮುಗಿಸಿ.

ಮನೆಮದ್ದು: ಹಣೆಗೆ ಬಾಮ್ ಅಥವಾ ತೇಯ್ದ ಶುಂಠಿ ಹಚ್ಚಿ ಹಾಯೆನಿಸಿದರೆ ಅಡ್ಡಿಯಿಲ್ಲ. ಗಾಯದ ಮೇಲೆ ಮಾತ್ರ ಹಚ್ಚಬೇಡಿ. ಊದಿದ ಜಾಗಕ್ಕೆ ಎಣ್ಣೆ ಹಾಕಿ ಗಸಗಸ ತಿಕ್ಕುವುದು, ಕುತ್ತಿಗೆ ತಿರುಗಿಸಿ ಲಟಕ್ ಅಂತ ನೆಟಿಕೆ ತೆಗೆಸುವುದು ಬೇಡವೇ ಬೇಡ, ಅಪಾಯ ಇದೆ. ಯೋಗ? ಖಂಡಿತ. ದೆಹಲಿಯ ಏಮ್ಸ್ ವೈದ್ಯರು ಮೈಗ್ರೇನ್ ರೋಗಿಗಳ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧ ಮಾತ್ರ ತೆಗೆದುಕೊಂಡವರಿಗಿಂತ ಔಷಧದ ಜೊತೆ ಯೋಗವನ್ನೂ ಮಾಡಿದವರಿಗೆ ಹೆಚ್ಚು ಗುಣ ಕಂಡಿತು. ‘ಜೊತೆ’ ಅನ್ನೋದನ್ನು ಗಮನಿಸಿ, ‘ಬದಲು’ ಅಲ್ಲ. ಪೆಟ್ಟು ಬಿದ್ದವರು ಡಾಕ್ಟರನ್ನು ಕೇಳಿಯೇ ಶುರುಮಾಡಿ. ಶೀರ್ಷಾಸನ, ಸರ್ವಾಂಗಾಸನದಂಥವು ಬೇಡ.

ಮತ್ತೆ ಪೆಟ್ಟಾಗದಂತೆ: ಮಿದುಳು ಮಾಯುವ ಮುನ್ನ ಇನ್ನೊಂದು ಪೆಟ್ಟು ಬಿದ್ದರೆ ಕಷ್ಟ ಹೆಚ್ಚು. ಬಚ್ಚಲಿಗೆ ಜಾರದ ಮ್ಯಾಟ್ ಹಾಕಿ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸಿ. ಅಟ್ಟದ ಪಾತ್ರೆಗೆ ಕುರ್ಚಿ ಮೇಲೆ ಸ್ಟೂಲ್ ಇಟ್ಟು ಹತ್ತುವ ಸರ್ಕಸ್ ಸಾಕು. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯ. ಮುಡಿದ ಹೂವು ಬಾಡುತ್ತೆ ಅಂತ ಹೆಲ್ಮೆಟನ್ನು ಕೈಯಲ್ಲಿ ಹಿಡಿದು ಕೂತರೆ ಏನು ಬಂತು? ಐ.ಎಸ್.ಐ. ಗುರುತಿನದ್ದು ಕೊಳ್ಳಿ, ಗದ್ದದ ಪಟ್ಟಿ ಬಿಗಿಯಿರಿ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕದಂತೆ ಸಿಕ್ಕಿಸಿಕೊಳ್ಳಿ.

ಪೆಟ್ಟು ಹೊಡೆದದ್ದು ಬಾಗಿಲಲ್ಲ ಅಂದರೆ...

ಎಲ್ಲ ಪೆಟ್ಟೂ ಕಪಾಟಿನ ಬಾಗಿಲಿನದ್ದೇ ಆಗಿರುವುದಿಲ್ಲ. ಕೆಲವು ಮನೆಗಳಲ್ಲಿ ತಲೆಯನ್ನು ಗೋಡೆಗೆ ಬಡಿಯುವ ಕೈಗಳೂ ಇವೆ. ಡಾಕ್ಟರು ಕೇಳಿದರೆ ‘ಜಾರಿ ಬಿದ್ದೆ’ ಅನ್ನುತ್ತೇವೆ. ಪಕ್ಕದಲ್ಲೇ ಗಂಡ ನಿಂತಿರುತ್ತಾನಲ್ಲ! ಆದರೆ ಎಷ್ಟು ಸಲ, ಹೇಗೆ ಪೆಟ್ಟು ಬಿತ್ತು ಅನ್ನೋದು ಡಾಕ್ಟರಿಗೆ ಗೊತ್ತಾಗದಿದ್ದರೆ ಚಿಕಿತ್ಸೆ ಅರೆಬರೆಯಾಗುತ್ತೆ. ಒಬ್ಬರೇ ಇದ್ದಾಗ ಡಾಕ್ಟರಿಗೋ ನರ್ಸ್‌ಗೋ ನಿಜ ಹೇಳಿ. ಹೆಂಗಸರನ್ನು ಮನೆಯೊಳಗಿನ ಹೊಡೆತದಿಂದ ಕಾಪಾಡಲೆಂದೇ 2005ರ ಕಾಯ್ದೆ ಇದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಪದೇ ಪದೇ ತಲೆಗೆ ಬೀಳುವ ಪೆಟ್ಟನ್ನು ಯಾವ ಮಾತ್ರೆಯೂ ವಾಸಿ ಮಾಡದು.

ಮನೆಯವರಿಗೆ ಎರಡು ಮಾತು

ಈ ಪುಟವನ್ನು ಯಜಮಾನರ ಕಾಫಿ ಲೋಟದ ಪಕ್ಕ ಇಡಿ. ಅತ್ತೆಯವರಿಗೂ ಓದಿ ಹೇಳಿ. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಂದವಳಿಗೆ ‘ಚಪಾತಿ ಲಟ್ಟಿಸು’ ಅಂತ ಯಾರೂ ಹೇಳುವುದಿಲ್ಲ. ತಲೆನೋವಿಗೆ ಪ್ಲಾಸ್ಟರ್ ಇಲ್ಲ, ಅದೇ ಅದರ ದುರದೃಷ್ಟ. ಕಣ್ಣಿಗೆ ಕಾಣದ ನೋವನ್ನು ನಂಬಲು ಪ್ರೀತಿಯಷ್ಟೇ ತಿಳಿವಳಿಕೆಯೂ ಬೇಕು.

ಆಕೆಗೆ ಬೇಕಿರುವುದು ಸೇವೆಯಲ್ಲ. ನಾಲ್ಕು ವಾರ ಬೆಳಗಿನ ಒಂದು ಹೊತ್ತಿನ ಅಡುಗೆ ಬೇರೆಯವರು ನೋಡಿಕೊಂಡರೆ, ಟಿ.ವಿ. ಸದ್ದು ಸ್ವಲ್ಪ ಇಳಿಸಿದರೆ, ಮಕ್ಕಳ ಹೋಮ್‌ವರ್ಕ್ ಅಪ್ಪನ ಪಾಲಿಗೆ ಬಂದರೆ ಮನೆ ಮುಳುಗುವುದಿಲ್ಲ. ‘ಇವತ್ತು ಹೇಗಿದೆ?’ ಅಂತ ಕೇಳಿ, ಉತ್ತರ ಏನೇ ಬಂದರೂ ಮುಖ ಸಿಂಡರಿಸದಿದ್ದರೆ ಇನ್ನೂ ಒಳ್ಳೆಯದು. ‘ನಾಟಕ’ ಅನ್ನುವ ಒಂದು ಮಾತಿನಿಂದಾಗಿ ಎಷ್ಟೋ ಹೆಂಗಸರು ನೋವು ಹೇಳುವುದನ್ನೇ ಬಿಟ್ಟು, ಕದ್ದು ಮಾತ್ರೆ ನುಂಗುವುದನ್ನು ಕಲಿಯುತ್ತಾರೆ.

ನಿಮಗೂ ಒಂದು ಮಾತು ಗೆಳತಿ. ಮಗುವಿಗೆ ತಲೆನೋವು ಅಂದರೆ ಅದೇ ದಿನ ಡಾಕ್ಟರ ಹತ್ತಿರ ಓಡುತ್ತೀರಿ. ನಿಮ್ಮ ತಲೆ ಏನು ಪಾಪ ಮಾಡಿದೆ?

ನೆನಪಿರಲಿ

* ಮೊದಲ 24 ಗಂಟೆ ಒಂಟಿಯಾಗಿರಬೇಡಿ. ಅಪಾಯದ ಗುರುತು ಕಂಡರೆ ತಕ್ಷಣ 108.
* ಸ್ಕ್ಯಾನ್ ನಾರ್ಮಲ್ ಅಂದರೆ ರಕ್ತಸ್ರಾವ ಇಲ್ಲ ಅಂತ ಅರ್ಥ, ನೋವಿಲ್ಲ ಅಂತಲ್ಲ.
* ನೋವಿನ ಮಾತ್ರೆ ವಾರಕ್ಕೆ ಎರಡು ದಿನ ದಾಟಿದರೆ ಡಾಕ್ಟರನ್ನು ನೋಡಿ.
* ಎರಡು ವಾರವಾದರೂ ನೋವು ಇಳಿಯದಿದ್ದರೆ ತೋರಿಸಿ, ತಿಂಗಳುಗಟ್ಟಲೆ ಕಾಯಬೇಡಿ.
* ಡಾಕ್ಟರ ಹತ್ತಿರ ಹೋಗುವಾಗ ಕ್ಯಾಲೆಂಡರಿನ ಹಾಳೆ ಮತ್ತು ನೀವು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ.